ಉಪ್ಪುನೀರಿನಲ್ಲಿ ಲೋಹ ಹಿಡಿಯುವ ನಾರು

ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ತೊಕ್ಕೊಟ್ಟು. ಹೆದ್ದಾರಿಯಿಂದ ಪಶ್ಚಿಮಕ್ಕೆ ಹೊರಳಿದರೆ ಉಳ್ಳಾಲದ ಕಡಲು. ಪೂರ್ವಕ್ಕೆ ಹೊರಳಿದರೆ ದೇರಳಕಟ್ಟೆ ದಾಟಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ. ಇದೇ ಜಂಕ್ಷನ್ನಿನಲ್ಲಿ ಮೀನಿನ ಬುಟ್ಟಿ ಹೊತ್ತವರೂ ಪುಸ್ತಕದ ಚೀಲ ಹೊತ್ತವರೂ ಬಸ್ಸಿಗೆ ಕಾಯುತ್ತಾರೆ. ಈ ಊರನ್ನು ಅಣುವಿಜ್ಞಾನದ ಜೊತೆ ಸೇರಿಸಿ ಯೋಚಿಸುವವರು ಕಡಿಮೆ. ಆದರೆ ಉಳ್ಳಾಲದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಖನಿಜವಿದೆ. ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1993ರಲ್ಲಿ ‘ಹೆಲ್ತ್ ಫಿಸಿಕ್ಸ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಈ ದಂಡೆಯನ್ನು ನೈಋತ್ಯ ಕರಾವಳಿಯ ಹೊಸದೊಂದು ಸಹಜ ವಿಕಿರಣ ಪ್ರದೇಶವೆಂದು ಗುರುತಿಸಿತು. ಮರಳಿನ ಕಥೆ ಹೀಗೆ ದಾಖಲಾಗಿ ಮೂರು ದಶಕ ದಾಟಿದೆ. ಆ ಮರಳಿಗೆ ಬಂದು ಬಡಿಯುವ ನೀರಿನಲ್ಲಿ ಏನೇನು ಕರಗಿದೆ ಎಂಬ ಕಥೆ ನಮ್ಮಲ್ಲಿ ಇನ್ನೂ ಸರಿಯಾಗಿ ಚರ್ಚೆಗೆ ಬಂದಿಲ್ಲ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಬಹುಪಾಲು ನಮ್ಮ ಅಡುಗೆ ಉಪ್ಪೇ. ಮೆಗ್ನೀಸಿಯಂ ಒಂದು ಗ್ರಾಂಗಿಂತ ತುಸು ಹೆಚ್ಚು. ಲಿಥಿಯಂ ಒಂದು ಮಿಲಿಗ್ರಾಂನ ಆರನೇ ಒಂದು ಪಾಲು. ಯುರೇನಿಯಂ 3.3 ಮೈಕ್ರೋಗ್ರಾಂ, ಅಂದರೆ ಒಂದು ಟನ್ ನೀರಿಗೆ 3.3 ಮಿಲಿಗ್ರಾಂ. ಒಂದೆರಡು ಸಾಸಿವೆ ಕಾಳಿನಷ್ಟೇ ತೂಗುವ ಈ ಪ್ರಮಾಣವನ್ನು ಭೂಮಿಯ ಎಲ್ಲ ಸಾಗರಗಳ ನೀರಿಗೆ ಗುಣಿಸಿದರೆ ಸುಮಾರು 450 ಕೋಟಿ ಟನ್ ಆಗುತ್ತದೆ. ನೆಲದಲ್ಲಿ ಗುರುತಿಸಿರುವ, ಗಣಿಯಿಂದ ತೆಗೆಯಬಹುದಾದ ಯುರೇನಿಯಂಗಿಂತ ಇದು ನೂರಾರು ಪಟ್ಟು ಹೆಚ್ಚು. ನದಿಗಳು ಬಂಡೆಗಳನ್ನು ಸವೆಸುತ್ತಾ ಕಡಲಿಗೆ ಹೊಸ ಯುರೇನಿಯಂ ತಂದು ಸುರಿಯುತ್ತಲೂ ಇವೆ.

ಈ 450 ಕೋಟಿ ಟನ್ನಿನ ಅಂಕಿ ಎಷ್ಟೋ ಜನರನ್ನು ಮರುಳು ಮಾಡಿದೆ. ಎಚ್ಚರಿಕೆಯ ಉದಾಹರಣೆಯೊಂದು ಇತಿಹಾಸದಲ್ಲೇ ಇದೆ. ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ದಾರಿ ತೋರಿಸಿ ನೊಬೆಲ್ ಪಡೆದ ಫ್ರಿಟ್ಜ್ ಹಾಬರ್, ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಪರಿಹಾರದ ಹೊರೆ ತೀರಿಸಲು ಕಡಲಿನಿಂದ ಚಿನ್ನ ತೆಗೆಯಲು ಹೊರಟರು. ಹಡಗುಗಳಲ್ಲಿ ಪ್ರಯೋಗಾಲಯ ಹೂಡಿ, 1920ರ ದಶಕದಲ್ಲಿ ಸಾಗರಗಳ ನೀರು ತರಿಸಿ ಪರೀಕ್ಷಿಸಿದರು. ಹಿಂದಿನವರು ಬರೆದಿಟ್ಟ ಪ್ರಮಾಣಗಳೇ ತಪ್ಪಾಗಿದ್ದವು. ನಿಜವಾಗಿ ಇದ್ದ ಚಿನ್ನ ನಿರೀಕ್ಷೆಗಿಂತ ಎಷ್ಟೋ ಪಾಲು ಕಡಿಮೆ. ಹಾಬರ್ ಯೋಜನೆಯನ್ನು ಕೈಬಿಟ್ಟರು. ಅದೇ ಕಾಲಘಟ್ಟದ ಹಿಂದೆಮುಂದೆ, ಹೆಚ್ಚು ಪ್ರಮಾಣದಲ್ಲಿರುವ ವಸ್ತುಗಳನ್ನು ಹಿಡಿದವರು ಗೆದ್ದರು. ಅಮೆರಿಕದಲ್ಲಿ 1934ರಲ್ಲಿ ಕಡಲ ನೀರಿನಿಂದ ಬ್ರೋಮಿನ್, 1941ರಲ್ಲಿ ಟೆಕ್ಸಾಸ್‌ನ ಫ್ರೀಪೋರ್ಟ್‌ನಲ್ಲಿ ಮೆಗ್ನೀಸಿಯಂ ಹೊರಬಂತು. ಮೆಗ್ನೀಸಿಯಂಗೆ ಸುಣ್ಣ ಹಾಕಿ ತಳಕ್ಕೆ ಇಳಿಸುವ ಸರಳ ರಸಾಯನ ಸಾಕಾಯಿತು. ಲೀಟರಿಗೆ ಮೂರು ಮೈಕ್ರೋಗ್ರಾಂ ಇರುವ ವಸ್ತುವಿಗೆ ಸುಣ್ಣದ ಕೆಲಸ ಸಾಲದು.

ಒಂದು ಯುರೇನಿಯಂ ಪರಮಾಣುವಿನ ಸುತ್ತ ಕಡಲಿನಲ್ಲಿ ಮೂರು ಕೋಟಿಗೂ ಹೆಚ್ಚು ಸೋಡಿಯಂ ಅಯಾನುಗಳಿವೆ. ಮೆಗ್ನೀಸಿಯಂ ಅಯಾನುಗಳು ಸುಮಾರು ನಲವತ್ತು ಲಕ್ಷ. ಮಂಗಳೂರು ದಕ್ಕೆಯಲ್ಲಿ ಬೋಟು ಸುರಿದ ರಾಶಿಯಿಂದ ಹೆಂಗಸರು ಬಂಗುಡೆ, ಬೂತಾಯಿ, ನಂಗ್ ಎಂದು ಬೇರೆಬೇರೆ ಬುಟ್ಟಿಗೆ ಆರಿಸುವುದನ್ನು ನೋಡಿದವರಿಗೆ ಆರಿಸುವ ಕೆಲಸದ ಬೆಲೆ ಗೊತ್ತು. ಇಲ್ಲಿ ಕೋಟಿಗಳ ನಡುವಿನಿಂದ ಒಂದನ್ನು ಆರಿಸಬೇಕು. ಅದೂ ನೀರನ್ನು ಕಾಯಿಸದೆ, ಬತ್ತಿಸದೆ.

ಕಸಿ ಕಟ್ಟಿದ ನಾರು

ಈ ಆರಿಸುವ ಕೆಲಸಕ್ಕೆ ಈವರೆಗೆ ಸಿಕ್ಕಿರುವ ಒಳ್ಳೆಯ ಸಾಧನವೆಂದರೆ ಪಾಲಿಮರ್ ನಾರು. ಕೊಡ, ಹಗ್ಗ, ಮೀನಿನ ಬಲೆಗಳಿಗೆ ಬಳಸುವ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನನ್ನೇ ಬಟ್ಟೆಯ ಹಾಗೆ ಮಾಡುತ್ತಾರೆ. ಅದರ ಮೇಲೆ ಎಲೆಕ್ಟ್ರಾನ್ ಕಿರಣ ಅಥವಾ ಗಾಮಾ ಕಿರಣ ಹಾಯಿಸಿದಾಗ ಉದ್ದನೆಯ ಇಂಗಾಲದ ಸರಪಳಿಯಲ್ಲಿ ಅಲ್ಲಲ್ಲಿ ಬಂಧ ಕಡಿದು, ಹೊಸದನ್ನು ಹಿಡಿದುಕೊಳ್ಳಲು ತವಕಿಸುವ ತುದಿಗಳು ಹುಟ್ಟುತ್ತವೆ. ಆ ತುದಿಗಳಿಗೆ ಅಕ್ರಿಲೋನೈಟ್ರೈಲ್ ಎಂಬ ಅಣುವನ್ನು ಕಸಿ ಕಟ್ಟುತ್ತಾರೆ. ಆಮೇಲೆ ಹೈಡ್ರಾಕ್ಸಿಲಮೈನ್ ಎಂಬ ರಾಸಾಯನಿಕದಲ್ಲಿ ಅದ್ದಿದರೆ ಕಸಿಯ ತುದಿ ಅಮಿಡಾಕ್ಸಿಮ್ ಎಂಬ ಗುಂಪಾಗಿ ಬದಲಾಗುತ್ತದೆ. ಯುರೇನಿಯಂ ಹಿಡಿಯುವುದು ಈ ಗುಂಪು. ಬೆನ್ನೆಲುಬಾಗಿರುವ ಪ್ಲಾಸ್ಟಿಕ್ ಗಟ್ಟಿತನ ಕೊಡುತ್ತದೆ, ಉಪ್ಪುನೀರಿನಲ್ಲಿ ಕೊಳೆಯುವುದಿಲ್ಲ.

ಕಡಲಿನಲ್ಲಿ ಯುರೇನಿಯಂ ಒಂಟಿಯಾಗಿ ತೇಲುವುದಿಲ್ಲ. ಎರಡು ಆಮ್ಲಜನಕ ಪರಮಾಣುಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಮೂರು ಕಾರ್ಬೊನೇಟ್‌ಗಳ ಅಪ್ಪುಗೆಯಲ್ಲಿ, ಸುತ್ತ ಕ್ಯಾಲ್ಸಿಯಂ ಮೆಗ್ನೀಸಿಯಂ ಸೇರಿಸಿಕೊಂಡು ನೆಮ್ಮದಿಯಾಗಿರುತ್ತದೆ. ಆ ಅಪ್ಪುಗೆಯನ್ನು ಬಿಡಿಸಿ ತನ್ನ ಕಡೆ ಎಳೆದುಕೊಳ್ಳುವ ಶಕ್ತಿ ಅಮಿಡಾಕ್ಸಿಮ್‌ಗೆ ಇದೆ. ಸೋಡಿಯಂ, ಮೆಗ್ನೀಸಿಯಂಗಳನ್ನು ಅದು ಹೆಚ್ಚು ಗಟ್ಟಿಯಾಗಿ ಹಿಡಿಯುವುದಿಲ್ಲ. ನಾರನ್ನು ಕಡಲಿಗೆ ಇಳಿಸಿ ವಾರಗಟ್ಟಲೆ ಬಿಟ್ಟು, ಮೇಲೆತ್ತಿ, ಆಮ್ಲದಲ್ಲಿ ಅಥವಾ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆದರೆ ಯುರೇನಿಯಂ ಕಳಚಿ ಬರುತ್ತದೆ. ನಾರು ಮತ್ತೆ ಕಡಲಿಗೆ ಹೋಗಬಹುದು.

ತೊಡಕು ಇರುವುದು ವನೇಡಿಯಂನಲ್ಲಿ. ತೂಕದ ಲೆಕ್ಕದಲ್ಲಿ ಕಡಲಿನಲ್ಲಿ ಅದರ ಪ್ರಮಾಣ ಯುರೇನಿಯಂನಷ್ಟೂ ಇಲ್ಲ, ಆದರೂ ಅಮಿಡಾಕ್ಸಿಮ್‌ಗೆ ಅದರ ಮೇಲೆ ಹೆಚ್ಚು ಒಲವು. ನಾರಿನ ಜಾಗವನ್ನು ಅದು ಕಬಳಿಸುತ್ತದೆ. ಕೀಳಬೇಕೆಂದರೆ ಪ್ರಬಲ ಆಮ್ಲ ಬೇಕು, ಆಮ್ಲ ನಾರಿನ ಹಿಡಿಯುವ ಗುಂಪುಗಳನ್ನೂ ಕೆಡಿಸುತ್ತದೆ. ಪ್ರತಿ ತೊಳೆತಕ್ಕೂ ನಾರು ಅಷ್ಟಷ್ಟು ಸೋಲುತ್ತದೆ. ಪ್ರಪಂಚದ ಪ್ರಯೋಗಾಲಯಗಳು ಈಗ ಹೆಣಗುತ್ತಿರುವುದು ಬಹುಪಾಲು ಈ ಒಂದು ಸಮಸ್ಯೆಯ ಜೊತೆ: ವನೇಡಿಯಂಗೆ ಬೆನ್ನು ತಿರುಗಿಸಿ ಯುರೇನಿಯಂಗೆ ಮಾತ್ರ ಕೈ ಚಾಚುವ ಅಣುವನ್ನು ಕಟ್ಟುವುದು.

ಕಡಲಿನಲ್ಲೇ ದೊಡ್ಡದಾಗಿ ಮಾಡಿ ತೋರಿಸಿದವರು ಜಪಾನೀಯರು. ಮೊದಲು 1980ರ ದಶಕದಲ್ಲಿ ನಿಯೊ ಎಂಬಲ್ಲಿ ಟೈಟಾನಿಯಂ ಆಕ್ಸೈಡಿನ ಹರಳುಗಳ ಮೂಲಕ ನೀರು ಪಂಪ್ ಮಾಡಿ ಸುಮಾರು 15 ಕಿಲೋ ಯುರೇನಿಯಂ ತೆಗೆದರು. ವಿಧಾನ ಕೆಲಸ ಮಾಡಿತು, ಲೆಕ್ಕ ಕೂಡಲಿಲ್ಲ. ಯಾಕೆ ಎಂಬುದನ್ನು ನಾವೇ ಲೆಕ್ಕ ಹಾಕಿ ನೋಡಬಹುದು. ಒಂದು ಕಿಲೋ ಯುರೇನಿಯಂ ಇರುವುದು ಮೂರು ಲಕ್ಷ ಟನ್ ಕಡಲ ನೀರಿನಲ್ಲಿ. ಅಷ್ಟನ್ನು ಬರೀ ಹತ್ತು ಮೀಟರ್ ಎತ್ತಲು 8,000 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಹಾದುಹೋದ ಯುರೇನಿಯಂನಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಸಿಕ್ಕಿತು ಎಂದಿಟ್ಟುಕೊಳ್ಳಿ, ಖರ್ಚು 80,000 ಯೂನಿಟ್ ದಾಟುತ್ತದೆ. ನಮ್ಮ ಕೈಗಾದಲ್ಲಿರುವಂಥ ಭಾರಜಲ ರಿಯಾಕ್ಟರ್‌ನಲ್ಲಿ ಒಂದು ಕಿಲೋ ಸಹಜ ಯುರೇನಿಯಂ ಕೊಡುವ ವಿದ್ಯುತ್ ಹೆಚ್ಚೆಂದರೆ 50,000 ಯೂನಿಟ್. ಪಡೆದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಆದ್ದರಿಂದ ನೀರನ್ನು ನಾರಿನ ಬಳಿಗೆ ತರುವ ಬದಲು ನಾರನ್ನು ನೀರಿನ ಬಳಿಗೆ ಒಯ್ದರು. 1999ರಿಂದ 2001ರವರೆಗೆ ಉತ್ತರ ಜಪಾನಿನ ಮುತ್ಸು ಕರಾವಳಿಯಿಂದ ಏಳು ಕಿಲೋಮೀಟರ್ ದೂರದಲ್ಲಿ, ತೇಲುವ ಚೌಕಟ್ಟಿನಿಂದ 350 ಕಿಲೋ ಅಮಿಡಾಕ್ಸಿಮ್ ಬಟ್ಟೆಯನ್ನು ಪಂಜರಗಳಲ್ಲಿ ಇಳಿಬಿಟ್ಟರು. ನೊರಿಯಾಕಿ ಸೆಕೊ, ಮಸಾವೊ ತಮಡಾ ಮೊದಲಾದವರ ತಂಡ 2003ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒಟ್ಟು 240 ದಿನಗಳ ಮುಳುಗಡೆಯಲ್ಲಿ ಹಳದಿ ಪುಡಿಯ (‘ಯೆಲ್ಲೋಕೇಕ್’ ಎಂಬ ಯುರೇನಿಯಂ ಆಕ್ಸೈಡಿನ) ಲೆಕ್ಕದಲ್ಲಿ ಒಂದು ಕಿಲೋಗಿಂತ ಹೆಚ್ಚು ಯುರೇನಿಯಂ ಸಿಕ್ಕಿತು. ಪಂಪ್ ಇಲ್ಲ, ಕೆಲಸ ಮಾಡಿದ್ದು ಕಡಲಿನ ಒಳಹರಿವು. ಆಮೇಲೆ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ತಯಾರಿಸಿದ ನಾರು ಎಂಟು ವಾರಗಳಲ್ಲಿ ಕಿಲೋಗೆ ಸುಮಾರು 4 ಗ್ರಾಂ ಹಿಡಿಯುವ ಮಟ್ಟಕ್ಕೆ ಬಂತು. 2018ರಲ್ಲಿ ಅಮೆರಿಕದ್ದೇ ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯದಲ್ಲಿ ಅಗ್ಗದ ಅಕ್ರಿಲಿಕ್ ನೂಲಿನಿಂದ 5 ಗ್ರಾಂ ಹಳದಿ ಪುಡಿ ತೆಗೆದು ತೋರಿಸಿದರು. ಬೆಲೆ ಇನ್ನೂ ಗಣಿಯ ಯುರೇನಿಯಂನ ಹಲವು ಪಟ್ಟು ಇದೆ.

ಭಾರತವೂ ಸುಮ್ಮನೆ ಕೂತಿಲ್ಲ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ಉಪ್ಪುನೀರು ಸಿಹಿ ಮಾಡುವ ವಿಭಾಗದವರು ಪಾಲಿಪ್ರೊಪಿಲೀನ್ ಬಟ್ಟೆಗೆ ಎಲೆಕ್ಟ್ರಾನ್ ಕಿರಣದಿಂದ ಕಸಿ ಕಟ್ಟಿ, ಟ್ರಾಂಬೆಯ ಸೈರಸ್ ಜೆಟ್ಟಿಯಲ್ಲಿ, ತಾರಾಪುರ ಸ್ಥಾವರದ ಕಾಲುವೆಗಳಲ್ಲಿ, ಅಂಡಮಾನಿನಲ್ಲಿ ಮುಳುಗಿಸಿ ನೋಡಿದರು. ಸಿಕ್ಕಿದ್ದು ಮಿಲಿಗ್ರಾಂಗಳ ಲೆಕ್ಕದಲ್ಲಿ. ಆದರೆ ತಾರಾಪುರದ ಆಯ್ಕೆಯಲ್ಲಿ ಒಂದು ಜಾಣತನವಿತ್ತು, ಅದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸ್ಥಾವರ ತಂಪಾಗಿಸಲು ಹೇಗೂ ಕಡಲ ನೀರನ್ನು ಎಳೆದುಕೊಳ್ಳುತ್ತದೆ, ಹೇಗೂ ಹೊರಬಿಡುತ್ತದೆ. ಬೇರೆ ಕೆಲಸಕ್ಕೆ ಆಗಲೇ ಹರಿಯುತ್ತಿರುವ ನೀರಿನಲ್ಲಿ ನಾರನ್ನು ಇಳಿಬಿಟ್ಟರೆ ಪಂಪಿನ ಖರ್ಚನ್ನು ಯುರೇನಿಯಂ ಹೊರಬೇಕಾಗಿಲ್ಲ.

ತಣ್ಣೀರುಬಾವಿಯ ಲೆಕ್ಕ

ಅಂಥ ನೀರು ನಮ್ಮಲ್ಲಿದೆಯೇ? ಇದೆ. ನೇತ್ರಾವತಿ ಬತ್ತುವ ಬೇಸಿಗೆಗಳಲ್ಲಿ ಮಂಗಳೂರು ನಗರಕ್ಕೂ ಕೈಗಾರಿಕೆಗೂ ನೀರಿನ ಎಳೆದಾಟ ಶುರುವಾಗುತ್ತದೆ. 2019ರಲ್ಲಿ ನೀರಿಲ್ಲದೆ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಅಳಿವೆಯ ಉತ್ತರಕ್ಕೆ, ತಣ್ಣೀರುಬಾವಿಯಲ್ಲಿ ಆ ಕಂಪನಿ ಈಗ ದಿನಕ್ಕೆ 3 ಕೋಟಿ ಲೀಟರ್ ಸಿಹಿನೀರು ಕೊಡುವ ಸಾಮರ್ಥ್ಯದ ಘಟಕ ಕಟ್ಟಿದೆ. ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ನೂರು ಲೀಟರ್ ಕಡಲ ನೀರಿನಿಂದ ನಲವತ್ತು ಲೀಟರ್ ಸಿಹಿನೀರು ಸಿಕ್ಕಿ, ಉಳಿದ ಅರವತ್ತು ಲೀಟರ್ ಮತ್ತಷ್ಟು ಉಪ್ಪಾಗಿ ಕಡಲಿಗೆ ಮರಳುತ್ತದೆ. ಆ ಪ್ರಮಾಣವನ್ನೇ ಇಟ್ಟುಕೊಂಡರೆ ಪೂರ್ತಿ ಸಾಮರ್ಥ್ಯದಲ್ಲಿ ದಿನಕ್ಕೆ 75,000 ಟನ್ ಕಡಲ ನೀರು ಒಳಗೆ ಬರಬೇಕು. ಅದರಲ್ಲಿರುವ ಯುರೇನಿಯಂ ಸುಮಾರು 250 ಗ್ರಾಂ. ವರ್ಷಕ್ಕೆ 90 ಕಿಲೋ. ಎಲ್ಲವೂ ಆ ದಪ್ಪ ಉಪ್ಪುನೀರಿನಲ್ಲೇ ಹೊರಗೆ ಹೋಗುತ್ತದೆ, ಮೂಲಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕಿ ಸಾಂದ್ರವಾಗಿ.

ಈ 90 ಕಿಲೋದಿಂದ ಕೈಗಾ ನಡೆಯುವುದಿಲ್ಲ. ಅಲ್ಲಿನ 220 ಮೆಗಾವಾಟಿನ ನಾಲ್ಕು ಘಟಕಗಳಲ್ಲಿ ಒಂದೊಂದಕ್ಕೇ ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ಟನ್ ಇಂಧನ ಬೇಕು. 90 ಕಿಲೋದಲ್ಲೂ ನಾರು ಹಿಡಿಯುವುದು ಒಂದು ಪಾಲನ್ನು ಮಾತ್ರ. ‘ಕಡಲಿನಿಂದ ದೇಶದ ಅಣುಶಕ್ತಿ’ ಎಂಬ ತಲೆಬರಹ ಓದಿದಾಗಲೆಲ್ಲ ಓದುಗರು ಈ ಹೋಲಿಕೆಯನ್ನು ನೆನಪಿಟ್ಟುಕೊಳ್ಳಬೇಕು. ಅದೇ ನೀರಿನಲ್ಲಿ ಲಿಥಿಯಂ ದಿನಕ್ಕೆ ಸುಮಾರು 12 ಕಿಲೋ, ವರ್ಷಕ್ಕೆ 4 ಟನ್‌ಗೂ ಹೆಚ್ಚು ಹೋಗುತ್ತದೆ. ಮಂಡ್ಯದ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದ ಕಲ್ಲಿನಲ್ಲಿ ಅಂದಾಜಿಸಿದ ಲಿಥಿಯಂ 1,600 ಟನ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ನಾಲ್ಕು ಟನ್ನನ್ನು ತಳ್ಳಿಹಾಕುವಂತಿಲ್ಲ. ಆದರೆ ಲಿಥಿಯಂ ಆರಿಸುವ ಪಾಲಿಮರ್ ಮತ್ತು ಮ್ಯಾಂಗನೀಸ್ ಆಕ್ಸೈಡಿನ ಜರಡಿಗಳು, ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚಿರುವ ಮೆಗ್ನೀಸಿಯಂನ ಎದುರು ಇನ್ನೂ ತಿಣುಕುತ್ತಿವೆ.

ಹಾಗಾದರೆ ತಣ್ಣೀರುಬಾವಿಯಂಥ ಘಟಕದ ಹೊರಗಾಲುವೆ ಯಾಕೆ ಬೇಕು? ಕಲಿಯಲಿಕ್ಕೆ. ಮುತ್ಸು ಕಡಲು ತಣ್ಣಗಿನದು. ಉಳ್ಳಾಲದ ಕಡಲು ವರ್ಷದ ಬಹುಭಾಗ 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನೀರು ಬಿಸಿಯಾದಷ್ಟೂ ಅಮಿಡಾಕ್ಸಿಮ್ ಹೆಚ್ಚು ಯುರೇನಿಯಂ ಹಿಡಿಯುತ್ತದೆ ಎಂಬುದು ಜಪಾನೀಯರ ಪ್ರಯೋಗದಲ್ಲೇ ಕಂಡ ಸಂಗತಿ. ಅದು ನಮ್ಮ ಕಡಲಿನ ಅನುಕೂಲ. ಅನನುಕೂಲವೂ ಅದೇ ಶಾಖದಿಂದ ಬರುತ್ತದೆ. ಪಚಿಲೆ ಚಿಪ್ಪು ಕೀಳಲು ಕಲ್ಲಿನ ಮೇಲೆ ಹೋಗುವವರನ್ನು, ದೋಣಿಯ ತಳ ಕೆರೆಯುವವರನ್ನು ಕೇಳಿ: ನಮ್ಮ ನೀರಿನಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಉಳಿಯುವುದಿಲ್ಲ. ಪಾಚಿ, ಚಿಪ್ಪು, ಲೋಳೆ ಹತ್ತಿದ ನಾರು ಲೋಹ ಹಿಡಿಯುವುದು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಸುರಿಯುವ ಕೆಂಪು ನೀರು ಅಳಿವೆ ಬಾಗಿಲಿನ ಹೊರಗೂ ಹಬ್ಬುತ್ತದೆ. ಉಪ್ಪು ತೆಳುವಾದಷ್ಟು ಯುರೇನಿಯಂ ಕೂಡ ತೆಳು. ಇವನ್ನೆಲ್ಲ ಮುಂಬೈಯಲ್ಲೋ ಮುತ್ಸುವಿನಲ್ಲೋ ಅಳೆದು ಇಲ್ಲಿಗೆ ಅನ್ವಯಿಸಲಾಗದು. ಇಲ್ಲಿಯೇ ಅಳೆಯಬೇಕು.

ಅಳೆಯುವ ಸಾಧನವೂ ಅನುಭವವೂ ತೊಕ್ಕೊಟ್ಟಿನಿಂದ ಬಸ್ಸಿನ ದೂರದಲ್ಲಿವೆ. ಕೊಣಾಜೆಯ ಕ್ಯಾಂಪಸ್ಸಿನ ಮೈಕ್ರೋಟ್ರಾನ್ ಕೇಂದ್ರದಲ್ಲಿ 8 ಎಂಇವಿ ಶಕ್ತಿಯ ಎಲೆಕ್ಟ್ರಾನ್ ವೇಗವರ್ಧಕವಿದೆ; ಪಾಲಿಮರ್‌ಗಳ ಮೇಲೆ ವಿಕಿರಣ ಏನು ಮಾಡುತ್ತದೆ ಎಂದು ಅಲ್ಲಿ ಸಂಶೋಧಕರು ವರ್ಷಗಳಿಂದ ನೋಡುತ್ತಾ ಬಂದಿದ್ದಾರೆ. ಪರಿಸರದಲ್ಲಿನ ವಿಕಿರಣಶೀಲ ಧಾತುಗಳನ್ನು ಅಳೆಯುವ ಕೇಂದ್ರವೂ ಅದೇ ಕ್ಯಾಂಪಸ್ಸಿನಲ್ಲಿದೆ. ನಾರಿಗೆ ಕಸಿ ಕಟ್ಟಲು ಬೇಕಾದ ಕಿರಣ, ಹಿಡಿದ ಲೋಹವನ್ನು ಎಣಿಸುವ ಯಂತ್ರ, ಹತ್ತಿರದಲ್ಲೇ ಕಡಲು. ಕರ್ನಾಟಕದಲ್ಲಿ ಈ ಮೂರೂ ಇಷ್ಟು ಹತ್ತಿರವಿರುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

ಪ್ಲಾಸ್ಟಿಕ್ ನಾರನ್ನು ಕಡಲಿಗೆ ಇಳಿಸುವುದರ ಬಗ್ಗೆ ನನಗೆ ಒಪ್ಪಿಗೆಯಿಲ್ಲದ ಮಾತೂ ಇದೆ. ಸವೆದ ನಾರಿನ ಚೂರು ಮೀನಿನ ಹೊಟ್ಟೆ ಸೇರುತ್ತದೆ. ತೆರೆದ ಕಡಲಲ್ಲಿ ಎಕರೆಗಟ್ಟಲೆ ಬಟ್ಟೆ ನೇತುಹಾಕಿದರೆ ಕೈರಂಪಣಿ, ನಾಡದೋಣಿಗಳವರು ಬಲೆ ಬೀಸುವುದೆಲ್ಲಿ? ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡು, ತಡೆಗೋಡೆಗಳ ನಡುವೆ ದೋಣಿ ಇಳಿಸಲು ಜಾಗ ಹುಡುಕುತ್ತಿರುವ ಉಳ್ಳಾಲದ ಮೊಗವೀರರನ್ನು ಕೇಳದೆ ಯಾವ ಚೌಕಟ್ಟನ್ನೂ ಅಲ್ಲಿ ತೇಲಿಬಿಡಬಾರದು. ನೈಸರ್ಗಿಕ ಪಾಲಿಮರ್ ಒಂದು ದಾರಿ. ಅಲಬಾಮಾ ವಿಶ್ವವಿದ್ಯಾಲಯದಲ್ಲಿದ್ದ ರಾಬಿನ್ ರೋಜರ್ಸ್ ಅವರ ತಂಡ ಸಿಗಡಿಯ ಚಿಪ್ಪಿನಿಂದ ಕೈಟಿನ್ ಎಳೆಗಳನ್ನು ತೆಗೆದು, ಅದಕ್ಕೆ ಅಮಿಡಾಕ್ಸಿಮ್ ಜೋಡಿಸಿ ಯುರೇನಿಯಂ ಹಿಡಿಯುವ ನಾರು ಮಾಡಿತು. ಸಿಗಡಿ ಸುಲಿದು ಚಿಪ್ಪು ಎಸೆಯುವ ಕರಾವಳಿಗೆ ಇದಕ್ಕಿಂತ ಹತ್ತಿರದ ಕಚ್ಚಾವಸ್ತು ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಈ ನಾರಿನ ಅತ್ಯಂತ ತುರ್ತಿನ ಕೆಲಸ ಕಡಲಿನಲ್ಲಿಲ್ಲ ಎಂದೇ ನನ್ನ ನಂಬಿಕೆ. ಅದು ಘಟ್ಟದ ಆಚೆ, ನಮ್ಮದೇ ರಾಜ್ಯದ ಒಣ ಜಿಲ್ಲೆಗಳಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರ ಮತ್ತು ಏಟ್ರೀ ಸಂಸ್ಥೆಯ ಸಂಶೋಧಕರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಯುರೇನಿಯಂ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ದಾಟಿತ್ತು. ಕಡಲಿನಲ್ಲಿ 3.3 ಮೈಕ್ರೋಗ್ರಾಂ ಹಿಡಿಯಲು ಜಗತ್ತು ಇಷ್ಟು ಕಷ್ಟಪಡುತ್ತಿರುವಾಗ, ಅದರ ಹತ್ತು ಪಟ್ಟು, ಇಪ್ಪತ್ತು ಪಟ್ಟು ಯುರೇನಿಯಂ ಇರುವ ನೀರನ್ನು ನಮ್ಮ ಜನ ಕುಡಿಯುತ್ತಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಗ್ರಾನೈಟ್ ಬಂಡೆಗಳಲ್ಲಿ ಸಹಜವಾಗಿಯೇ ಯುರೇನಿಯಂ ಇದೆ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಬಂಡೆಯ ಜೊತೆ ಬಹುಕಾಲ ಕೂಡಿ ಕೂತ ನೀರು ಮೇಲೆ ಬರುತ್ತದೆ. ಹೆಚ್ಚು ಕಾಲ ಕುಡಿದರೆ ಮೊದಲು ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ವಿಕಿರಣಕ್ಕಿಂತ ಮೊದಲು ಅದರ ರಾಸಾಯನಿಕ ವಿಷವೇ ಕೆಲಸ ಮಾಡುತ್ತದೆ.

ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅವುಗಳ ಆರ್‌ಒ ಪೊರೆ ಯುರೇನಿಯಂ ತಡೆಯುತ್ತದೆ, ಒಳ್ಳೆಯದೇ. ಆದರೆ ತಡೆದದ್ದು ಎಲ್ಲಿಗೆ ಹೋಗುತ್ತದೆ? ಕೊಡ ತುಂಬುವ ನೀರಿನ ಜೊತೆಜೊತೆಗೇ ಹಿಂಬದಿಯ ಪೈಪಿನಿಂದ ಹೊರಬೀಳುವ ತ್ಯಾಜ್ಯನೀರಿನಲ್ಲಿ ಎರಡು ಪಟ್ಟು ಸಾಂದ್ರವಾಗಿ ಚರಂಡಿಗೆ, ಚರಂಡಿಯಿಂದ ನೆಲಕ್ಕೆ. ತಣ್ಣೀರುಬಾವಿಯಲ್ಲಿ ಆಗುವುದೂ ಕೋಲಾರದ ಹಳ್ಳಿಯಲ್ಲಿ ಆಗುವುದೂ ಒಂದೇ ಕ್ರಿಯೆ: ಪೊರೆ ಸಿಹಿನೀರನ್ನು ಒಂದು ಕಡೆಗೆ, ಲೋಹವನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಆ ಇನ್ನೊಂದು ಕಡೆಯಲ್ಲಿ ನಾರನ್ನು ಇಟ್ಟರೆ ಪಂಪಿನ ಖರ್ಚು ಆಗಲೇ ತೀರಿದೆ, ಲೋಹ ಆಗಲೇ ದಟ್ಟವಾಗಿದೆ. ಹಳ್ಳಿಯ ಘಟಕದಲ್ಲಿ ಅಲೆಯಿಲ್ಲ, ಪಚಿಲೆಯಿಲ್ಲ, ಕಡಲಿನಷ್ಟು ಉಪ್ಪಿನ ಪೈಪೋಟಿಯೂ ಇಲ್ಲ. ಸಿಗುವ ಯುರೇನಿಯಂ ಮಾರಿ ಲಾಭ ಮಾಡುವ ಮಾತು ಇಲ್ಲಿ ಬರುವುದೇ ಇಲ್ಲ. ನೆಲಕ್ಕೆ ಮರಳಬಾರದು, ಅಷ್ಟೆ. ಲೋಹ ತುಂಬಿದ ನಾರನ್ನು ಮಾತ್ರ ಅಣುಶಕ್ತಿ ಇಲಾಖೆಯ ನಿಗಾದಲ್ಲಿ ಒಯ್ದು ತೊಳೆಯುವ ವ್ಯವಸ್ಥೆ ಬೇಕು. ಅದನ್ನು ಗ್ರಾಮ ಪಂಚಾಯಿತಿಯ ತಲೆಗೆ ಕಟ್ಟುವಂತಿಲ್ಲ.

ಕೊಣಾಜೆಯ ವಿಶ್ವವಿದ್ಯಾಲಯ, ಬೆಂಗಳೂರಿನ ಸಂಸ್ಥೆಗಳು ಮತ್ತು ರಾಜ್ಯದ ಗ್ರಾಮೀಣ ಕುಡಿಯುವ ನೀರು ಇಲಾಖೆ ಸೇರಿ ಮೊದಲು ಎರಡು ಪರೀಕ್ಷೆ ಮಾಡಲಿ: ಒಂದು ತಣ್ಣೀರುಬಾವಿಯ ಹೊರಗಾಲುವೆಯಲ್ಲಿ, ಮಳೆಗಾಲವೂ ಸೇರಿದ ಒಂದು ಪೂರ್ಣ ವರ್ಷ, ಇನ್ನೊಂದು ಕೋಲಾರದ ಯಾವುದಾದರೂ ಹಳ್ಳಿಯ ಆರ್‌ಒ ಘಟಕದ ಹಿಂಬದಿ ಪೈಪಿನಲ್ಲಿ. ಎರಡರ ಅಂಕಿಅಂಶವನ್ನೂ ಕನ್ನಡದಲ್ಲಿ, ಎಲ್ಲರೂ ಓದುವಂತೆ ಪ್ರಕಟಿಸಲಿ.

ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂಥ ಜಿಲ್ಲೆಗಳಲ್ಲಿ ನಿಮ್ಮ ಮನೆಯ ಅಥವಾ ಊರಿನ ಕೊಳವೆಬಾವಿ ಇದ್ದರೆ, ಫ್ಲೋರೈಡ್ ಜೊತೆಗೆ ಯುರೇನಿಯಂ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ನೀರನ್ನು ಎಷ್ಟು ಕುದಿಸಿದರೂ ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದು ಇನ್ನಷ್ಟು ಗಟ್ಟಿಯಾಗುತ್ತದೆ.